ಗೋಡೆಯ ಮೇಲಿದ್ದ ‘ಸಾಲಿ’

ಬೆಳಗಿನ ಆರು ಗಂಟೆ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಒಂದು ಊರು. ಸರ್ಕಾರಿ ಶಾಲೆಯ ಗೋಡೆಯ ಮುಂದೆ ಪೇಂಟರ್ ಭೀಮರಾಜ ಬಕೆಟ್ಟಿನಲ್ಲಿ ಬಿಳಿ ಬಣ್ಣ ಕಲಕುತ್ತಿದ್ದಾರೆ. ಗೋಡೆಗೆ ಒರಗಿಸಿದ ಏಣಿಗೆ ಒಂಬತ್ತು ಮೆಟ್ಟಿಲು. ನೆಲದ ಮೇಲೆ ಹಾಸಿದ ಗೋಣಿಚೀಲದ ಮೇಲೆ ಏಳು ಬ್ರಷ್‌ಗಳು ಸಾಲಾಗಿ ಮಲಗಿವೆ. ಕಲಕಿದ್ದಾಯಿತು, ಕೋಲು ಎತ್ತಿ ನೋಡಿದ್ದಾಯಿತು. ಆದರೂ ಬ್ರಷ್ ಕೈಗೆ ಬರುತ್ತಿಲ್ಲ. ಮತ್ತೆ ಕಲಕುತ್ತಾರೆ.

“ಇನ್ನೂ ಗಂಟು ಅದಾವ್ರಿ” ಅನ್ನುತ್ತಾರೆ.

ನಾನು ಬಗ್ಗಿ ನೋಡುತ್ತೇನೆ. ಬಣ್ಣ ಹಾಲಿನ ಹಾಗೆ ನುಣ್ಣಗಿದೆ, ಒಂದು ಗಂಟೂ ಇಲ್ಲ. ಇವತ್ತು ಭೀಮರಾಜ ಅಳಿಸಬೇಕಾಗಿರುವುದು ತಾವೇ ಬರೆದ ಗೋಡೆಯನ್ನು. ಅದೂ ಮೂವತ್ತು ಚಿಲ್ಲರೆ ವರ್ಷ ಬಿಸಿಲು ಮಳೆಗೆ ಜಗ್ಗದೆ ನಿಂತ ಬರಹ. ಗೋಡೆಯ ನಟ್ಟನಡುವೆ, ಒಂದೊಂದು ಅಕ್ಷರ ಒಂದೊಂದು ಅಡಿ ಎತ್ತರ, ಕಡುನೀಲಿ ಬಣ್ಣ: ‘ನಮ್ಮ ಊರಿನ ಬೆಳಕು ನಮ್ಮ ಸಾಲಿ’.

ಹೌದು, ‘ಸಾಲಿ’. ಶಾಲೆ ಅಲ್ಲ. ಅಚ್ಚಿನ ತಪ್ಪು ಎಂದು ಪುಟ ಮಗುಚಬೇಡಿ. ಈ ಬರಹವೆಲ್ಲ ಆ ಎರಡು ಅಕ್ಷರದ ಬಗ್ಗೆಯೇ. ಊರಿನ ಹೆಸರು ಹಾಕಿಲ್ಲವಲ್ಲ ಎಂದು ಕೇಳುವವರಿಗೆ ಮುಖ್ಯ ಶಿಕ್ಷಕಿ ಗೀತಮ್ಮನವರ ಮಾತನ್ನೇ ಹೇಳಿಬಿಡುತ್ತೇನೆ: “ಹೆಸರು ಮಾತ್ರ ಬೇಡ. ಇಷ್ಟು ವರ್ಷ ಶಾಲೆ ಗೋಡೆ ಮೇಲೆ ತಪ್ಪು ಇಟ್ಟುಕೊಂಡು ಕೂತಿದ್ರಾ ಅಂತ ಮೇಲಿನವರು ನನ್ನನ್ನೇ ಕೇಳ್ತಾರೆ.”

ನನಗೆ ಓದು ಬಂದದ್ದು ಅರ್ಧ ತರಗತಿಯಲ್ಲಿ, ಅರ್ಧ ಬಸ್ಸಿನ ಕಿಟಕಿಯಲ್ಲಿ. ಹರಪನಹಳ್ಳಿಯ ಅಜ್ಜಿ ಮನೆಯಿಂದ ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಊರೂರಿನ ಗೋಡೆಗಳೂ ಓದಿಸುತ್ತಿದ್ದವು. ನಾಟಕ ಕಂಪನಿಯ ಹೆಸರು, ಗೊಬ್ಬರದ ಹೆಸರು, ಹಲ್ಲುಪುಡಿ, ಬೀಡಿ, ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಬಸ್ಸು ನಿಲ್ಲದ ಊರಿನಲ್ಲಿ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಗೋಡೆಯ ಮೇಲೆ ‘ದಿನಕ್ಕೆ ಎರಡು ಚಮಚ’ ಎಂದಷ್ಟೇ ಓದಿಕೊಂಡಿದ್ದೇನೆ. ಏನನ್ನು ಎರಡು ಚಮಚ, ಯಾರಿಗೆ ಎರಡು ಚಮಚ ಎಂಬುದು ಇವತ್ತಿಗೂ ಗೊತ್ತಿಲ್ಲ. ಈಗ ಅದೇ ದಾರಿಯಲ್ಲಿ ಹೋದರೆ ಕಣ್ಣಿಗೆ ಬೀಳುವುದೆಲ್ಲ ಫ್ಲೆಕ್ಸು, ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಗಳು. ಓದಲು ಅಂಥದ್ದೇನೂ ಇರುವುದಿಲ್ಲ.

ಆ ಹಳೆಯ ಗೋಡೆಗಳಲ್ಲಿ ಎಷ್ಟೋ ಭೀಮರಾಜರ ಕೈಯವು ಎಂದು ಗೊತ್ತಾದದ್ದು ಹೋದ ತಿಂಗಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ಅವರು ಬರೆಯದ ದಾರಿಯಿಲ್ಲ. ಆ ಕಡೆ ಹೊಳಲು, ಈ ಕಡೆ ಗುಡೇಕೋಟೆ. ಆ ಕಾಲದಲ್ಲಿ ದಿನಕ್ಕೆ ಮೂರು ಗೋಡೆ, ಹೆಚ್ಚು ಕಡಿಮೆ ನೂರು ಅಕ್ಷರ. ಅಡಿ ಎತ್ತರದ ಅಕ್ಷರವೊಂದಕ್ಕೆ ನಾಲ್ಕು ನಿಮಿಷ. ಈಗ ಎರಡು ತಿಂಗಳಿಗೊಂದು ಗೋಡೆ ಬಂದರೆ ಅದೇ ಹೆಚ್ಚು. ಅರವತ್ತೆರಡರ ವಯಸ್ಸು, ದಪ್ಪ ಗಾಜಿನ ಕನ್ನಡಕ, ಏಣಿಯಿಂದ ಬಿದ್ದು ಸೊಟ್ಟಗೆ ಕೂಡಿದ ಎಡ ಮಣಿಕಟ್ಟು.

“ಬಲಗೈ ಚಲೋ ಐತ್ರಿ. ಬೀಳೋವಾಗ ಎಡಗೈ ಮುಂದ ಮಾಡಿದೆ. ಅಷ್ಟ ಬುದ್ಧಿ ಇತ್ತು” ಎಂದು ನಗುತ್ತಾರೆ.

ಕಡೆಗೂ ಬ್ರಷ್ ಎತ್ತುತ್ತಾರೆ. ಆದರೆ ನಡುವಿನ ಬರಹಕ್ಕೆ ಹೋಗುವುದಿಲ್ಲ. ಗೋಡೆಯ ಎಡತುದಿಗೆ ಹೋಗಿ, ಬಕೆಟ್ಟಿಟ್ಟು, ಅಲ್ಲಿಂದ ಬಳಿಯಲು ಶುರು ಮಾಡುತ್ತಾರೆ. ಗೋಡೆ ಎಪ್ಪತ್ತಡಿ ಉದ್ದ. ಇವತ್ತು ಭಾನುವಾರ, ಮಕ್ಕಳಿಲ್ಲ. ಇಡೀ ಗೋಡೆಗೆ ಬಿಳಿ ಹೊಡೆದು ಒಣಗಿಸಿದರೆ ನಾಳೆಯಿಂದ ರೈಲು ಬರೆಯಬಹುದು. ಈಗ ಎಲ್ಲ ಸರ್ಕಾರಿ ಶಾಲೆಗೂ ರೈಲಿನ ಚಿತ್ರ ಬೇಕು, ಕಿಟಕಿಗಳೆಲ್ಲ ಬೋಗಿಯ ಕಿಟಕಿ, ಬಾಗಿಲೆಲ್ಲ ಬೋಗಿಯ ಬಾಗಿಲು. ಹಳೆಯ ವಿದ್ಯಾರ್ಥಿಗಳು ಬಣ್ಣ ಕೊಡಿಸಿದ್ದಾರೆ. ಇಂಜಿನ್ ಒಂದು ತುದಿಗೆ, ಕೊನೆಯ ಬೋಗಿ ಇನ್ನೊಂದು ತುದಿಗೆ, ನಡುವೆ ಖಾಲಿ ಬಿಡಲು ಬರುವುದಿಲ್ಲ. ಬೋಗಿಯ ನೆತ್ತಿಯ ಮೇಲೆ ಶುದ್ಧ ಕನ್ನಡದಲ್ಲಿ ಶಾಲೆಯ ಹೆಸರು.

ಇದನ್ನು ಅಳಿಸಲು ಹೇಳಿದ ಗೀತಮ್ಮನವರನ್ನು ಬೈದುಕೊಂಡೇ ಇಲ್ಲಿಗೆ ಬಂದವನು ನಾನು. ಅವರು ಹೇಳಿದ್ದು ಕೇಳಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಹೋದ ವರ್ಷದ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಹನ್ನೊಂದು ಮಕ್ಕಳು ‘ಸಾಲಿ’ ಎಂದು ಬರೆದರಂತೆ. ತಪ್ಪು ಹಾಕಿದರೆ ಒಬ್ಬಳು ಎದ್ದು ನಿಂತು, “ಗೋಡಿ ಮ್ಯಾಲ ಐತಲ್ರಿ ಟೀಚರ್” ಎಂದಳಂತೆ. “ಗೋಡೆಗೆ ಎದುರು ನಿಂತು ನಾನು ಹೆಂಗೆ ಪಾಠ ಮಾಡ್ಲಿ ಹೇಳಿ?” ಎಂದು ಗೀತಮ್ಮ ಕೇಳಿದರು.

ಭೀಮರಾಜ ಈ ಕೆಲಸ ಕಲಿತದ್ದು ಕೊಟ್ಟೂರಿನಲ್ಲಿ, ಎಲ್ಲರೂ ಉಸ್ತಾದ್ ಎಂದಷ್ಟೇ ಕರೆಯುತ್ತಿದ್ದ ಒಬ್ಬ ಹಿರಿಯ ಪೇಂಟರ್ ಹತ್ತಿರ. ಮೊದಲ ನಾಲ್ಕು ತಿಂಗಳು ಬ್ರಷ್ ತೊಳೆಯುವುದೊಂದೇ ಕೆಲಸ. ಐದನೇ ತಿಂಗಳು ಉಸ್ತಾದರು ಒಂದು ಹಳೆಯ ತಗಡು ಕೊಟ್ಟು ‘ಹಗರಿಬೊಮ್ಮನಹಳ್ಳಿ’ ಎಂದು ಬರಿ ಅಂದರು. ಅದೇ ಪರೀಕ್ಷೆ. ಎಂಟು ಅಕ್ಷರ, ಎರಡು ಕಡೆ ಒತ್ತು. ಜನ ಹ.ಬೊ.ಹಳ್ಳಿ ಎಂದು ಮೊಟಕು ಮಾಡಿದ್ದು ಬಾಯಿ ನೋಯುತ್ತದೆಂದಲ್ಲ, ನಮ್ಮ ಕೈ ನೋಯುತ್ತದೆಂದು ಎಂಬುದು ಪೇಂಟರುಗಳ ವಾದ.

“ಒತ್ತು ಕೆಳಗ ಬರ್ತಾವಲ್ರಿ, ಅದಕ್ಕ ಮೊದಲ ಜಾಗ ಬಿಡಬೇಕು. ಮ್ಯಾಲಿನ ಅಕ್ಷರ ಚಂದ ಬರೀಬೇಕಂತ ಕೆಳಗಿಂದು ಮರತ್ರ ಮುಗೀತು. ನಾ ಮರತೆ. ಮಕ್ಕೆ ಮ ಒತ್ತು ತಗಡಿನಿಂದ ಹೊರಗ ಹೋತು. ಉಸ್ತಾದರು ಬೈಲಿಲ್ಲ. ‘ಬೇಟಾ, ಕೆಳಗ ಕುಂದ್ರೋರಿಗೆ ಜಾಗ ಮೊದಲು ಇಡು’ ಅಂದ್ರು. ಅಷ್ಟ.”

ಈ ಮಾತು ಹೇಳಿ ಭೀಮರಾಜ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದುತ್ತಾರೆ. ಆಮೇಲೆ ತಾವಾಗಿಯೇ ಹೇಳುತ್ತಾರೆ. ಅವರು ಹುಟ್ಟಿದ ಕೇರಿಯವರು ಊರಿನ ಕೆಲವು ಗೋಡೆಗಳನ್ನು ಮುಟ್ಟುವ ಹಾಗಿರಲಿಲ್ಲ. ಬ್ರಷ್ ಹಿಡಿದ ಮೇಲೆ ಅದೇ ಗೋಡೆಗಳಿಗೆ ಕರೆದು ಬರೆಸಿದರು. “ಒಳಗ ಬಿಡದ ಗುಡಿ ಹೆಸರು ಹೊರಗ ನಾನ ಬರದೀನ್ರಿ. ಎರಡೂವರಿ ಅಡಿ ಅಕ್ಷರ. ಒಳಗ ಹೋದೋರೆಲ್ಲ ಮೊದಲು ನನ್ನ ಕೈ ನೋಡಿ ಹೋಗ್ಯಾರ.” ದನಿಯಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಸಿಟ್ಟು ಬಂದದ್ದು ನನಗೆ.

ಅವರು ಬರೆಯುವ ಕ್ರಮವೇ ಬೇರೆ. ನೀಲಿ ಪುಡಿ ಮೆತ್ತಿದ ದಾರವನ್ನು ಬಿಗಿಯಾಗಿ ಎಳೆದು ಚಟ್ಟನೆ ಬಿಟ್ಟು ಗೆರೆ ಮೂಡಿಸುತ್ತಾರೆ. ಆಮೇಲೆ ಒಂದೊಂದೇ ಅಕ್ಷರ ಮುಗಿಸುತ್ತಾ ಹೋಗುವುದಿಲ್ಲ. ಇಡೀ ಸಾಲಿನ ತಲೆಕಟ್ಟುಗಳನ್ನಷ್ಟೇ ಮೊದಲು ಹಾಕಿಬಿಡುತ್ತಾರೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಅದೇ ಆಟ. ಬರೀ ತಲೆಕಟ್ಟು ನೋಡಿ ಏನು ಬರೆಯುತ್ತಾನೆ ಎಂದು ಊಹಿಸಬೇಕು. ನಡುವೆ ಒಂದು ಕಡೆ ತಲೆಕಟ್ಟು ಇಲ್ಲದೆ ಖಾಲಿ ಬಿಟ್ಟರೆ ಅಲ್ಲಿ ‘ಬ’ ಬರುತ್ತದೋ ‘ಲ’ ಬರುತ್ತದೋ ಎಂದು ಜಗಳ. ಬೀಡಿ ಆರಿದ್ದೂ ಗೊತ್ತಾಗದೆ ಕೂತಿರುತ್ತಿದ್ದರಂತೆ.

ಎಂಟು ಗಂಟೆಯ ಹೊತ್ತಿಗೆ ರಸ್ತೆಯ ಆಚೆಗಿನ ಮನೆಯಿಂದ ಒಬ್ಬ ಹೆಂಗಸು ಬಂದು ನಿಲ್ಲುತ್ತಾರೆ. ಬಸಲಿಂಗಮ್ಮ, ಇದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಐವತ್ತು ದಾಟಿದವರು. ನನಗೆ ನಮಸ್ಕಾರವಾಯಿತು. ಭೀಮರಾಜರ ಕಡೆ ಮುಖ ಬಿಗಿಯಾಯಿತು.

“ಇವತ್ತ ಅಳಸ್ತಿಯೇನಣ್ಣ?”

“ಅಳಸಬೇಕಲ್ಲ ತಂಗಿ.”

“ಬ್ಯಾರೆ ಯಾರಿಗರೆ ಹೇಳಬೇಕಿತ್ತಲ್ಲ? ನೀನ ಬೇಕಾಗಿತ್ತೇನು?”

“ಬ್ಯಾರೆಯವ್ರು ಅಳಸಿದ್ರ ಕೆರದು ಅಳಸ್ತಾರವ್ವ. ನಾ ಆದ್ರ ಮೆತ್ತಗ ಮುಚ್ಚತೀನಿ.”

ಬಸಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಚಹಾ ಬರಬಹುದೆಂದು ನಾನು ಕಾದೆ. ಬರಲಿಲ್ಲ.

ಈ ಮುನಿಸಿನ ಬೇರು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿದೆ. ಸಾಕ್ಷರತಾ ಆಂದೋಲನದ ಕಾಲ. ಊರೂರಿನ ಗೋಡೆಗೂ ಘೋಷಣೆ ಬರೆಯುವ ಕೆಲಸ. ಯಾವ ಊರಿಗೆ ಯಾವ ಘೋಷಣೆ ಎಂದು ಕಚೇರಿಯಿಂದ ಒಂದು ಹಾಳೆ ಕೊಡುತ್ತಿದ್ದರು. ಏಣಿ ಮೇಲಿರುವವನಿಗೆ ಹಾಳೆ ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಕೆಳಗೊಬ್ಬ ನಿಂತು ಕೂಗಿ ಹೇಳುತ್ತಿದ್ದ, ಮೇಲಿನವನು ಬರೆಯುತ್ತಿದ್ದ. ಭೀಮರಾಜರಿಗೆ ಕೂಗಿ ಹೇಳುತ್ತಿದ್ದವರು ಜೊತೆಗಾರ ಜೋಗಪ್ಪ, ಗುಡೇಕೋಟೆ ಕಡೆಯವರು, ಈಗ ಇಲ್ಲ.

“ಹಾಳಿಯಾಗ ‘ಶಾಲೆ’ ಅಂತನ ಇತ್ರಿ. ಜೋಗ ಓದಿದ್ದೂ ಕರೆಕ್ಟ್. ಆದ್ರ ಬಾಯಿ ನಮ್ದಲ್ರಿ? ‘ಸಾಲಿ’ ಅಂತ ಒದರಿದ. ನಾ ಕೇಳಿದ್ದ ಬರದೆ. ಏಣಿ ಮ್ಯಾಲ ನಿಂತ್ರ ಮೂಗಿನ ಮುಂದ ಅಕ್ಷರ ಕಾಣ್ತಾವ, ಮಾತು ಕಾಣಂಗಿಲ್ಲ. ಕೆಳಗಿಳದು ಹತ್ತು ಹೆಜ್ಜಿ ಹಿಂದ ಬಂದು ನೋಡಿದ್ರೂ ನಮಗಿಬ್ರಿಗೂ ತಪ್ಪು ಕಾಣಲಿಲ್ಲ ನೋಡ್ರಿ. ಸಾಲಿ ಅಂದ್ರ ಸಾಲಿನ. ಅದರಾಗೇನು ತಪ್ಪು?”

ತಪ್ಪು ಕಂಡದ್ದು ವಾರದ ಮೇಲೆ ಜೀಪಿನಲ್ಲಿ ಬಂದ ಸಾಹೇಬರಿಗೆ. ಅಕ್ಷರ ಕಲಿಸುವ ಗೋಡೆಯ ಮೇಲೇ ಅಕ್ಷರದ ತಪ್ಪೇ ಎಂದು ಅವರು ಕೂಗಾಡಿ, ಭೀಮರಾಜರನ್ನು ಕರೆಸಿ, ಈಗಿಂದೀಗ ತಿದ್ದು ಎಂದರು. ಭೀಮರಾಜ ಏಣಿ ಇಟ್ಟರು. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬರುತ್ತಿದ್ದ ಹೊಸ ಸೊಸೆಯೊಬ್ಬಳು ಗೋಡೆಯ ಮುಂದೆ ನಿಂತುಬಿಟ್ಟಳು. ಆಗ ಹದಿನೆಂಟರ ಬಸಲಿಂಗಮ್ಮ. ಮಿಕ್ಕ ಕಥೆಯನ್ನು ನನಗೆ ಆಮೇಲೆ ಅವರೇ ಹೇಳಿದರು.

“ಸಂಜಿ ಕ್ಲಾಸಿಗೆ ಹೋಗ್ತಿದ್ನಿರಿ. ಪುಸ್ತಕದಾಗ ಶಾ... ಲೆ... ಅಂತ ಕೂಡಿಸಿ ಓದ್ತಿದ್ದೆ. ಓದಿದ್ರೂ ಅದೇನಂತ ತಿಳೀತಿರಲಿಲ್ಲ. ನಮ್ಮ ಮನ್ಯಾಗ ಯಾರೂ ಶಾಲೆ ಅನ್ನಂಗಿಲ್ಲ. ಅದು ಯಾವುದೋ ಹೊಸ ಸಾಮಾನು ಇರಬೇಕಂತ ಮಾಡಿದ್ದೆ. ಅವತ್ತ ಈ ಗೋಡಿ ನೋಡಿದೆ. ಸಾ... ಲಿ... ಸಾಲಿ! ನಾ ಆಡೋ ಮಾತು! ಗೋಡಿ ಮ್ಯಾಲ ಐತಿ! ಹೊರಿ ಕೆಳಗ ಒಗದೆ. ನನಗ ಓದಾಕ ಬಂತು ಅಂತ ಒದರಿದೆ. ಅತ್ತಿ ನೋಡಿ ಹೆದರಿಬಿಟ್ಲು, ಏನಾತು ಇದಕ್ಕ ಅಂತ.”

ಸಾಹೇಬರು ತಿದ್ದು ಎನ್ನುತ್ತಿದ್ದಾರೆ, ಬಸಲಿಂಗಮ್ಮ ಏಣಿ ಹಿಡಿದು ನಿಂತಿದ್ದಾಳೆ. “ಇದನ್ನ ಅಳಸಬ್ಯಾಡ್ರಿ. ಅಳಸಿದ್ರ ನನಗ ಮತ್ತ ಓದಾಕ ಬರಂಗಿಲ್ಲ.” ಅಷ್ಟು ಹೊತ್ತಿಗೆ ಊರು ಸೇರಿತ್ತು. ಸಾಹೇಬರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಜೀಪು ಹತ್ತಿ ಹೋದರು. ತಿರುಗಿ ಬರಲೇ ಇಲ್ಲ. ‘ಸಾಲಿ’ ಉಳಿಯಿತು. ಎರಡು ಮೂರು ವರ್ಷಕ್ಕೊಮ್ಮೆ ಈ ದಾರಿಯಲ್ಲಿ ಬಂದಾಗ ಭೀಮರಾಜ ಯಾರೂ ಹೇಳದಿದ್ದರೂ ಉಳಿದ ಬಣ್ಣದಲ್ಲಿ ಅಕ್ಷರಗಳ ಮೇಲೆ ಇನ್ನೊಂದು ಕೈ ಹಚ್ಚಿ ಹೋಗುತ್ತಿದ್ದರು. ಸುಣ್ಣ ಬಳಿದವರೆಲ್ಲ ಆ ಸಾಲನ್ನು ಬಿಟ್ಟು ಸುತ್ತ ಬಳಿದರು. ಅಲ್ಲಿ ಬಸಲಿಂಗಮ್ಮನ ಕಾವಲಿತ್ತು.

ಹತ್ತೂವರೆಗೆ ಎಡಭಾಗ ಮುಗಿಯುತ್ತದೆ. ಭೀಮರಾಜ ನಡುವಿನ ಬರಹ ದಾಟಿ ಏಣಿಯನ್ನು ಬಲತುದಿಗೆ ಹೊತ್ತುಕೊಂಡು ಹೋಗುತ್ತಾರೆ. ಆ ತುದಿಯಿಂದ ನಡುವಿಗೆ ಬರುವ ಉಪಾಯ. ನೆರಳಿಗೆಂದು ಕೂತ ನನ್ನ ಕೈಗೆ ತಮ್ಮ ಚೀಲ ಕೊಟ್ಟು, “ಅದರಾಗ ಎರಡು ಪುಸ್ತಕ ಅದಾವ, ನೋಡ್ತಿರ್ರಿ” ಅನ್ನುತ್ತಾರೆ.

ಒಂದು, ದಪ್ಪ ಹೊಳಪು ಕಾಗದದ ಇಂಗ್ಲಿಷ್ ಪುಸ್ತಕ. ಗ್ರಾಫಿಟಿ, ಎಂದರೆ ಸ್ಪ್ರೇ ಡಬ್ಬಿಯಿಂದ ಬೀದಿಗೋಡೆಗಳ ಮೇಲೆ ಬರೆಯುವ ವಿದ್ಯೆ, ಕಲಿಯುವವರಿಗಾಗಿ ಬರೆದದ್ದು. ಗೋಡೆ ಆರಿಸುವುದು ಹೇಗೆ, ಅಕ್ಷರಕ್ಕೆ ಹೊರಗೆರೆ ಎಲ್ಲಿ, ನೆರಳು ಯಾವ ಕಡೆಗೆ, ಎಲ್ಲಕ್ಕೂ ಚಿತ್ರಗಳಿವೆ. ಭೀಮರಾಜರ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಯಾರೋ ಪುಣ್ಯಾತ್ಮರು ಕಳಿಸಿದ ಪೆಟ್ಟಿಗೆಯಲ್ಲಿ ಬಂದದ್ದಂತೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ಜಗಳವಾಡುವ ಓದುಗರು ಇದನ್ನು ಮೂಸಿಯೂ ನೋಡಲಿಲ್ಲ. ಗ್ರಂಥಾಲಯದ ಬೋರ್ಡು ಬರೆಯಲು ಬಂದ ಭೀಮರಾಜರಿಗೆ ಗ್ರಂಥಪಾಲಕಿ ಕ್ರಾಂತಿ ಕೂರಲು ಕುರ್ಚಿ, ನೋಡಲು ಈ ಪುಸ್ತಕ ಕೊಟ್ಟರು. ಬೋರ್ಡು ಅವತ್ತು ಮುಗಿಯಲಿಲ್ಲ.

“ಹದಿನಾಲ್ಕು ಸಲ ತಗೊಂಡು ಹೋಗಿದಾರೆ ಸಾರ್ ದೊಡ್ಡಪ್ಪ. ರಿಜಿಸ್ಟರಿನಲ್ಲಿ ಈ ಪುಸ್ತಕದ ಮುಂದೆ ಇವರೊಬ್ಬರದ್ದೇ ಹೆಸರು” ಎಂದು, ಭೀಮರಾಜರನ್ನು ದೊಡ್ಡಪ್ಪ ಎಂದೇ ಕರೆಯುವ ಕ್ರಾಂತಿ ಫೋನಿನಲ್ಲಿ ನಗುತ್ತಾರೆ. ಇಂಗ್ಲಿಷ್ ಬಾರದ ಭೀಮರಾಜರಿಗೆ ಪುಟಪುಟವನ್ನೂ ಓದಿ ಹೇಳಿದವರು ಅವರೇ.

ಭೀಮರಾಜ ಅದನ್ನು ‘ಗಿರಾಪಟಿ’ ಅನ್ನುತ್ತಾರೆ. ಚಿತ್ರಗಳ ಬಗ್ಗೆ ಅವರ ತೀರ್ಪು ಹೀಗಿದೆ: “ಸಂತಿ ದಿನದ ಬಸ್ಸಿನಾಗ ಮಂದಿ ತುಂಬಿದಂಗ ತುಂಬ್ಯಾರ ಅಕ್ಷರಾನ. ಒಂದರ ಮ್ಯಾಲ ಒಂದು. ಆದ್ರ ಒಂದೂ ಬಿದ್ದಿಲ್ಲ ನೋಡ್ರಿ, ಅದು ಕೈ.” ಮನೆಯ ಹಿತ್ತಲ ಗೋಡೆಯ ಮೇಲೆ ತಾವೂ ‘ಹಗರಿಬೊಮ್ಮನಹಳ್ಳಿ’ಯನ್ನು ಅದೇ ರೀತಿ ಬರೆದು ನೋಡಿದರು. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ಬಣ್ಣ ಕೈಗೆ ಹತ್ತಲಿಲ್ಲ, ಒಂದೇ ಗೋಡೆಗೆ ಡಬ್ಬಿ ಖಾಲಿ. ಅದಕ್ಕೇ ಕ್ಷೌರದಂಗಡಿಯಲ್ಲಿ ತಲೆಗೆ ನೀರು ಹೊಡೆಯುತ್ತಾರಲ್ಲ, ಅಂಥದೊಂದು ಬಾಟಲಿ ತಂದು ತೆಳ್ಳಗಿನ ಬಣ್ಣ ತುಂಬಿ ನೆರಳು ಹೊಡೆದರು. ಹೆಂಡತಿ ಕಲ್ಯಾಣಮ್ಮ ಬೆಳಗ್ಗೆ ಪಾತ್ರೆ ತೊಳೆಯಲು ಹೋದವರು ಗೋಡೆ ನೋಡಿ, “ಇದೇನಿದು, ಗೋಡಿಗೆ ಹಾವು ಬಿಟ್ಟೀಯೇನು?” ಅಂದರಂತೆ. ಬಾಟಲಿ ಈಗಲೂ ಚೀಲದಲ್ಲಿದೆ.

ಆ ಪುಸ್ತಕದಲ್ಲಿ ಅವರಿಗೆ ಅರ್ಥವಾಗದ್ದು ಒಂದೇ. ಅಲ್ಲಿಯವರಿಗೆ ಯಾರೂ ಬಂದು ಬರಿ ಎಂದು ಹೇಳುವುದಿಲ್ಲ, ತಾವೇ ಹೋಗಿ ಬರೆಯುತ್ತಾರೆ ಎಂದು ಕ್ರಾಂತಿ ಹೇಳಿದಾಗ ಭೀಮರಾಜ ಕೇಳಿದ್ದು, “ಯಾರೂ ಹೇಳದ ಏನಂತ ಬರೀತಾರವ್ವ?” ನಲವತ್ತು ವರ್ಷ ಬೇರೆಯವರ ಮಾತನ್ನೇ ಬರೆದ ಮನುಷ್ಯ. ಗೊಬ್ಬರದವರ ಮಾತು, ಸರ್ಕಾರದ ಮಾತು, ನಾಟಕದವರ ಮಾತು. ತನ್ನದೊಂದು ಮಾತು ಬರೆಯಬೇಕೆಂದರೆ ಏನು ಬರೆಯುವುದು ಎಂದು ನಿಜಕ್ಕೂ ತೋಚಲಿಲ್ಲವಂತೆ. ಹಿತ್ತಲ ಗೋಡೆಗೂ ಉಸ್ತಾದರು ಕೊಟ್ಟ ಊರ ಹೆಸರನ್ನೇ ಬರೆದರು. ಒಬ್ಬರ ಬರಹದ ಮೇಲೆ ಮರುದಿನ ಇನ್ನೊಬ್ಬರು ಬರೆದುಬಿಡುತ್ತಾರೆ ಎಂದಾಗ ಇನ್ನೊಂದು ಪ್ರಶ್ನೆ: “ಸಂಕಟ ಆಗಂಗಿಲ್ಲೇನು ಅವ್ರಿಗೆ?” ಕ್ರಾಂತಿ ಪುಸ್ತಕ ನೋಡಿ, ಫೋಟೋ ತೆಗೆದುಕೊಂಡು ಮುಂದಿನ ಗೋಡೆಗೆ ಹೋಗುತ್ತಾರಂತೆ ಎಂದರು. ಸಂಕಟದ ಬಗ್ಗೆ ಪುಸ್ತಕದಲ್ಲಿ ಏನೂ ಇರಲಿಲ್ಲ.

ಎರಡನೆಯದು ಭೀಮರಾಜರೇ ಬರೆಯುತ್ತಿರುವ ಪುಸ್ತಕ. ಮಕ್ಕಳ ಡ್ರಾಯಿಂಗ್ ಪುಸ್ತಕಗಳನ್ನು ಸೇರಿಸಿ ಹೊಲಿದದ್ದು. ಪುಟಕ್ಕೊಂದು ಕನ್ನಡ ಅಕ್ಷರ, ಗೆರೆ ಹೊಡೆದು, ಬಾಣದ ಗುರುತು ಹಾಕಿ, ಬ್ರಷ್ ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂದು ತೋರಿಸಿದ್ದಾರೆ. ಕೆಳಗೆ ಒಂದೊಂದು ಮಾತು. ‘ಹ: ಹೊಟ್ಟೆ ದೊಡ್ಡದು ಮಾಡಬೇಡ, ಪಕ್ಕದವನಿಗೆ ಉಸಿರು ಕಟ್ಟುತ್ತದೆ.’ ‘ಳ: ನೆತ್ತಿ ಮೇಲೆ ಬಿಸಿಲಿದ್ದಾಗ ಬರೆಯಬೇಡ, ದುಂಡಗೆ ಬರುವುದಿಲ್ಲ.’ ‘ಕ್ಷ: ಅವಸರವಿದ್ದ ದಿನ ಬೇಡ.’ ಒತ್ತಿನ ಪುಟದಲ್ಲಿ ಉಸ್ತಾದರ ಮಾತು. ಇದನ್ನು ಬರೆಯಲು ಹಚ್ಚಿದವರು ಕ್ರಾಂತಿ. ಗೋಡೆ ಬರಹ ಕಲಿಯುವವರಿಗೆ ಕನ್ನಡದ ಪುಸ್ತಕ ಒಂದೂ ನಮ್ಮ ಕಪಾಟಿನಲ್ಲಿಲ್ಲ, ನೀವು ಮುಗಿಸಿ ಕೊಡಿ, ನಂಬರ್ ಹಾಕಿ ಆ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲೇ ಇಡುತ್ತೇನೆ ಎಂದಿದ್ದಾರೆ.

“ನಂಬರ್ ಬಿದ್ರ ಸಾಕ್ರಿ. ಯಾರರೆ ಒಬ್ರು ತಗೊಂಡು ಹೋಗಿ, ಒಂದು ಅಕ್ಷರ ಕಲತು, ತಂದು ಕೊಟ್ರ ಆತು. ಕೊಡದಿದ್ರೂ ಆತು.” ಅವರ ಆಸೆ ಅಷ್ಟೇ. ಪುಸ್ತಕದಲ್ಲಿ ಒಂದು ಪುಟ ಮಾತ್ರ ಖಾಲಿ ಇದೆ, ಕೊನೆಯದು. ಅದೇಕೆ ಎಂದು ಕೇಳಿದೆ. “ಅದಕ್ಕ ಇನ್ನೂ ಜಾಗ ಇಟ್ಟೀನಿ” ಅಂದರು.

ಮಧ್ಯಾಹ್ನ ಮೂರು ಗಂಟೆ. ಎರಡೂ ಕಡೆಯ ಬಿಳಿ ನಡುವಿಗೆ ಬಂದು ನಿಂತಿದೆ. ಹನ್ನೆರಡು ಅಕ್ಷರದ ಒಂದು ಸಾಲು ಮಾತ್ರ ಉಳಿದಿದೆ. ಬಿಳಿಯ ನಡುವೆ ಅದು ಇನ್ನೂ ಎದ್ದು ಕಾಣುತ್ತದೆ. ಭೀಮರಾಜ ಏಣಿ ಹತ್ತಿ ‘ಸಾ’ದ ಮೇಲೆ ಬೆರಳಾಡಿಸುತ್ತಾರೆ. ಇಷ್ಟು ವರ್ಷ ಬಣ್ಣದ ಮೇಲೆ ಬಣ್ಣ ಹಚ್ಚಿ ಅಕ್ಷರ ಉಬ್ಬಿ ನಿಂತಿದೆ, ಕಣ್ಣು ಮುಚ್ಚಿಕೊಂಡೂ ಓದಬಹುದು. ಇಳಿದು ಬಂದು ರಸ್ತೆಯಾಚೆಗೆ ಕೂಗುತ್ತಾರೆ.

“ತಂಗೀ, ಒಂದು ತುಂಡು ಇದ್ಲಿ ಕೊಡವ್ವಾ.”

ಸ್ವಲ್ಪ ಹೊತ್ತಿಗೆ ಬಸಲಿಂಗಮ್ಮ ಒಲೆಯ ಇದ್ದಿಲನ್ನು ಕಾಗದದಲ್ಲಿ ಸುತ್ತಿಕೊಂಡು ಬರುತ್ತಾರೆ. ಭೀಮರಾಜ ದೊಡ್ಡದೊಂದು ತೆಳ್ಳನೆಯ ಹಾಳೆಯನ್ನು ಬಿಚ್ಚಿ ‘ಸಾಲಿ’ಯ ಮೇಲೆ ಇಡುತ್ತಾರೆ. “ಹಿಡಕೊ” ಅನ್ನುತ್ತಾರೆ. ಬಸಲಿಂಗಮ್ಮ ಕಲ್ಲೊಂದರ ಮೇಲೆ ನಿಂತು ಎರಡೂ ಕೈಯಿಂದ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾರೆ. ಭೀಮರಾಜ ಇದ್ದಿಲನ್ನು ಅಡ್ಡಡ್ಡ ಉಜ್ಜುತ್ತಾರೆ. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದಲ್ಲ, ಹಾಗೆ ಹಾಳೆಯ ಮೇಲೆ ‘ಸಾ’ ಮೂಡುತ್ತದೆ, ‘ಲಿ’ ಮೂಡುತ್ತದೆ. ಬಸಲಿಂಗಮ್ಮನ ಮುಖ ಹಾಳೆಯ ಅಂಚಿನಲ್ಲೇ ಇದೆ. ಅವರ ತುಟಿ ಅಲುಗಾಡಿದ್ದನ್ನು ನಾನು ನೋಡಿದೆ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೊನೆಯ ಪುಟಕ್ಕೆ ಅಂಟಿಸುತ್ತಾರೆ. ಅದರ ಕೆಳಗೆ ಏನು ಬರೆಯುತ್ತಾರೆಂದು ನಾನೂ ಬಸಲಿಂಗಮ್ಮನೂ ಬಗ್ಗಿ ನೋಡುತ್ತೇವೆ. ಮಿಕ್ಕ ಪುಟಗಳಲ್ಲೆಲ್ಲ ಶುದ್ಧ ಕನ್ನಡ ಬರೆದ ಮನುಷ್ಯ ಇಲ್ಲಿ ಬರೆದದ್ದು: ‘ಇದು ತಪ್ಪು ಐತಿ. ಹಿಂಗ ಬರೀರಿ.’

ಆಮೇಲೆ ಬಿಳಿ ಬಣ್ಣದ ಬ್ರಷ್ ಎತ್ತಿದರು. ಮೊದಲು ಕೆಳಗಿನ ಒತ್ತುಗಳು, ಆಮೇಲೆ ಅಕ್ಷರಗಳ ಮೈ, ಕಡೆಗೆ ತಲೆಕಟ್ಟು. ಬರೆದ ಕ್ರಮಕ್ಕೆ ಸರಿಯಾಗಿ ಹಿಂದುಮುಂದು. ಒಂದು ಗಳಿಗೆ ಗೋಡೆಯ ಮೇಲೆ ಬರೀ ತಲೆಕಟ್ಟುಗಳು ಉಳಿದಿದ್ದವು. ಇನ್ನೊಂದು ಗಳಿಗೆಗೆ ಅವೂ ಇಲ್ಲ. ಬಸಲಿಂಗಮ್ಮ ಎಲ್ಲಿ ಎಂದು ತಿರುಗಿ ನೋಡಿದರೆ ಅವರಾಗಲೇ ಹೋಗಿಬಿಟ್ಟಿದ್ದರು.

ಬ್ರಷ್ ತೊಳೆದು, ಏಣಿ ಮಲಗಿಸಿ, ಹೊರಡುವ ಹೊತ್ತಿಗೆ ಐದು ಗಂಟೆ. “ಹೇಳಿ ಹೋಗೋಣ ಬರ್ರಿ, ಇಲ್ಲಂದ್ರ ಇನ್ನೊಂದು ವರ್ಷ ಮಾತಾಡಸಂಗಿಲ್ಲ ಆಕಿ” ಎಂದು ಭೀಮರಾಜ ರಸ್ತೆ ದಾಟುತ್ತಾರೆ. ಬಾಗಿಲ ಹತ್ತಿರ ಹೋದವರು ನಿಂತುಬಿಡುತ್ತಾರೆ. ಸುಣ್ಣ ಬಳಿದ ಮನೆಗೋಡೆ, ಶಾಲೆಗೆ ಎದುರು. ಅದರ ಮೇಲೆ ಇದ್ದಿಲಿನಲ್ಲಿ, ಗೇಣುದ್ದದ ಅಕ್ಷರದಲ್ಲಿ, ‘ಸಾಲಿ’. ‘ಸಾ’ದ ತಲೆಕಟ್ಟು ಮೋಟು. ‘ಲಿ’ ಬಲಕ್ಕೆ ವಾಲಿದೆ. ಪಕ್ಕದಲ್ಲಿ ಕೈ ಕಪ್ಪಾದ ಬಸಲಿಂಗಮ್ಮ.

“ಯಾರು ಹೇಳಿದ್ರವ್ವ ಬರಿ ಅಂತ?” ಭೀಮರಾಜರ ದನಿ ಸಣ್ಣದಾಗಿತ್ತು.

“ಯಾರು ಹೇಳಬೇಕಣ್ಣ? ನನ್ನ ಗೋಡಿ, ನನ್ನ ಮಾತು.”

ಭೀಮರಾಜ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಹತ್ತಿರ ಹೋದರು, ಹತ್ತು ಹೆಜ್ಜೆ ಹಿಂದೆ ಬಂದರು. ಅಭ್ಯಾಸದ ಮೇಲೆ ಕೈ ಬ್ರಷ್ ಕಡೆ ಹೋಯಿತು. ತಿದ್ದುತ್ತೀರಾ ಎಂದು ನಾನು ಕೆಣಕಿದೆ.

“ಅವತ್ತ ಜೀಪಿನ ಸಾಹೇಬ್ರನ್ನ ಬಿಡಲಿಲ್ಲ. ಇವತ್ತ ನನ್ನ ಬಿಡ್ತಾಳೇನ್ರಿ?” ಎಂದು ಕೈ ಹಿಂದೆ ತೆಗೆದರು. ಬಸಲಿಂಗಮ್ಮ ಆ ದಿನ ಮೊದಲ ಸಲ ನಕ್ಕರು, ಚಹಾಕ್ಕೆಂದು ಒಳಗೆ ಹೋದರು.

ಅವರು ಒಳಗೆ ಹೋದ ಮೇಲೆ ಭೀಮರಾಜ ಚೀಲದಿಂದ ಕ್ಷೌರದಂಗಡಿಯ ಬಾಟಲಿ ತೆಗೆದರು. ಬಣ್ಣಕ್ಕೆ ಬೆರೆಸಲು ಇಟ್ಟುಕೊಂಡಿದ್ದ ಜಾಲಿ ಮರದ ಅಂಟನ್ನು ನೀರಿನಲ್ಲಿ ತೆಳ್ಳಗೆ ಕದಡಿ ತುಂಬಿದರು. ಬ್ರಷ್ ಮುಟ್ಟಿಸಿದರೆ ಇದ್ದಿಲು ಕಲೆಸಿಹೋಗುತ್ತದೆ, ಹಾಗೇ ಬಿಟ್ಟರೆ ಸೆರಗು ತಾಗಿದರೂ ಅಳಿಸಿಹೋಗುತ್ತದೆ. ಆ ಇಂಗ್ಲಿಷ್ ಪುಸ್ತಕದ ಚಿತ್ರಗಳಲ್ಲಿ ನಿಲ್ಲುತ್ತಾರಲ್ಲ, ಹಾಗೆ ಒಂದು ಮೊಳ ದೂರ ನಿಂತು, ಮೆಲ್ಲಗೆ ಒತ್ತುತ್ತಾ, ಮೋಟು ತಲೆಕಟ್ಟನ್ನೂ ವಾಲಿದ ‘ಲಿ’ಯನ್ನೂ ಇದ್ದ ಹಾಗೇ ಉಳಿಸಿಕೊಂಡು ಮೂರು ಸಲ ಹೊಡೆದರು. ಗೋಡೆ ಒದ್ದೆಯಾಗಿ ಅಕ್ಷರ ಇನ್ನಷ್ಟು ಕಪ್ಪಾಯಿತು.

ನಾನು ಫೋಟೋ ತೆಗೆಯಲು ಹೋದರೆ ಪಕ್ಕಕ್ಕೆ ಸರಿದು ನಿಂತರು.

“ನನ್ನ ಬ್ಯಾಡ್ರಿ, ಗೋಡಿ ತಗೀರಿ. ಅಕ್ಷರ ಆಕಿವು. ಅಂಟು ಅಷ್ಟ ನಂದು.”